ತೀರದ ನೀರಡಿಕೆ ಹೊತ್ತು ನೆದರ್ಲೆಂಡ್ಸಿಗೆ

ಕೊಟ್ಟೂರು

ನೀರು ಕುಡಿಯುವುದರಲ್ಲಿ ನನ್ನನ್ನು ಸೋಲಿಸುವವರು ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಮೂರೂ ಕಡೆ ಹುಡುಕಿದರೂ ಸಿಗುವುದಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ನನ್ನ ಸೀರೆ ಅಂಗಡಿಗೆ ಬಂದವರಿಗೆಲ್ಲ ಗೊತ್ತಿರುವ ಮಾತು. ಗಾದಿಯ ಮೇಲೆ ನಾನು, ಬಲಕ್ಕೆ ಸೀರೆಗಳ ರಾಶಿ, ಎಡಕ್ಕೆ ಮುಚ್ಚಳದ ಸ್ಟೀಲ್ ಕೊಡ. ಒಂದು ಸೀರೆ ಬಿಚ್ಚಿ ತೋರಿಸುವುದು, ಒಂದು ತಂಬಿಗೆ ನೀರು ಕುಡಿಯುವುದು, ಹಿತ್ತಲಿಗೆ ಹೋಗಿ ಬರುವುದು, ಮತ್ತೆ ಕೂತು ಸೀರೆ ಮಡಚುವುದು. ಐವತ್ತು ದಾಟಿದರೂ ನನ್ನ ದಿನಚರಿ ಇದೇ. ಸಕ್ಕರೆ ಕಾಯಿಲೆ ಇರಬೇಕೆಂದು ಹಿತೈಷಿಗಳು ಎಷ್ಟೋ ಸಲ ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಇರಲಿಲ್ಲ.

ಈ ನೀರಡಿಕೆ ತಂಬ್ರಹಳ್ಳಿಯಿಂದ, ಅಂದರೆ ನನ್ನ ತಾಯಿಯ ತವರಿನಿಂದ ಬಂದದ್ದು. ತಾಯಿಯ ತಂದೆ ಪಂಥ ಕಟ್ಟಿ, ಒಂದೇ ಸಲಕ್ಕೆ ಒಂದು ಕೊಡ ನೀರು ಕುಡಿದು ಟಗರು ಗೆದ್ದಿದ್ದರಂತೆ. ಆ ಮನೆಯ ಹೆಣ್ಣುಮಕ್ಕಳು ಎಲ್ಲರ ಹಾಗೆಯೇ ಕುಡಿಯುತ್ತಾರೆ. ಅವರ ಹೊಟ್ಟೆಯಲ್ಲಿ ಹುಟ್ಟಿದ ಗಂಡುಮಕ್ಕಳಲ್ಲಿ ಕೆಲವರು ಮಾತ್ರ ಅಜ್ಜನ ಹಾಗಾಗುತ್ತಾರೆ. ಊರಿನವರು ಇದನ್ನು ತಮಾಷೆಯಾಗಿಯೇ ನೋಡಿದರು, ನಾವೂ ನಕ್ಕೆವು. ಆದರೆ ನನಗಿಂತ ಮುಂಚೆ ಹುಟ್ಟಿದ ಒಬ್ಬ ಅಣ್ಣನಿದ್ದ. ತೊಟ್ಟಿಲ ಕೂಸಾಗಿದ್ದಾಗಲೇ ಒಂದು ಬೇಸಿಗೆಯಲ್ಲಿ, ಇದೇ ಕೊಟ್ಟೂರಿನ ಮನೆಯಲ್ಲಿ ಜ್ವರ ಬಂದು ತೀರಿಕೊಂಡ. ಬಿಸಿಲು ಬಡಿಯಿತು ಎಂದರು. ಆಮೇಲೆ ನಾನು ಹುಟ್ಟಿದಾಗ ತಂಬ್ರಹಳ್ಳಿಯ ಅಜ್ಜಿ ನನ್ನನ್ನು ತನ್ನ ಹತ್ತಿರವೇ ಇಟ್ಟುಕೊಂಡಳು. ಅರಿವೆಯ ತುದಿಯನ್ನು ನೀರಿನಲ್ಲಿ ಅದ್ದಿ ನನ್ನ ಬಾಯಿಗೆ ಹಿಡಿಯುತ್ತಿದ್ದಳಂತೆ. ಹಾಗಾಗಿ ನಾನು ಉಳಿದು ಸೀರೆ ಮಾರುತ್ತಿದ್ದೇನೆ.

ಹರಪನಹಳ್ಳಿಗೆ ಕೊಟ್ಟ ನನ್ನ ಒಬ್ಬಳೇ ಮಗಳು ಅನ್ನಪೂರ್ಣ ಕಳೆದ ವರ್ಷ ಬಸುರಿಯಾದಳು. ಮನೆಯೆಲ್ಲ ಸಂಭ್ರಮಿಸುತ್ತಿತ್ತು. ನಾನೂ ಪೇಡೆ ಹಂಚಿದೆ, ಆದರೆ ಒಳಗೆ ಹೆದರಿದ್ದೆ. ಗಂಡು ಹುಟ್ಟಿದರೆ? ಅದಕ್ಕೂ ನನ್ನ ನೀರಡಿಕೆ ಇದ್ದರೆ? ಅರಿವೆ ಅದ್ದಿ ಹಿಡಿದ ಅಜ್ಜಿ ಈಗಿಲ್ಲ.

ಅದೇ ಹೊತ್ತಿಗೆ ಹಡಗಲಿಯ ಹೆಣ್ಣುಮಗಳೊಬ್ಬರು ಸೀರೆ ಕೊಳ್ಳಲು ಬಂದಿದ್ದರು. ಅವರು ಸೀರೆಗಿಂತ ನನ್ನ ಕೊಡವನ್ನೇ ಹೆಚ್ಚು ನೋಡಿದರು. ಅವರ ಮಗಳು ಸುಮಂಗಲಾ ನೆದರ್ಲೆಂಡ್ಸಿನ ಒಂದು ವಿಶ್ವವಿದ್ಯಾಲಯದಲ್ಲಿ ಇಂಥದ್ದೇ ಏನನ್ನೋ ಓದುತ್ತಿದ್ದಾಳಂತೆ. ಅಂಗಡಿಯಲ್ಲಿ ಕೂತೇ ಫೋನ್ ಹಚ್ಚಿಕೊಟ್ಟರು. ಅಲ್ಲಿಂದ ಶುರುವಾದದ್ದು ದಾವಣಗೆರೆಯ ಕಿಡ್ನಿ ಡಾಕ್ಟರವರೆಗೆ ಹೋಯಿತು. ನನ್ನ ರಕ್ತ ವಿದೇಶಕ್ಕೆ ಹೋಯಿತು. ಕೊನೆಗೆ, ಇಂಥ ಕಾಯಿಲೆಗಳಿರುವ ಕುಟುಂಬಗಳನ್ನೂ ವಿಜ್ಞಾನಿಗಳನ್ನೂ ಒಟ್ಟಿಗೆ ಕೂಡಿಸುವ ಒಂದು ಸಭೆಗೆ ನನಗೂ ಕರೆ ಬಂತು.

"ಹೋಗಿ ಬರ್ರಿ. ಪೂರ್ಣಿ ಕೂಸಿಗೆ ಏನಾದ್ರೂ ಔಷಧಿ ಐತೇನು ಕೇಳ್ರಿ. ಅಷ್ಟ ಸಾಕು," ಎಂದಳು ನನ್ನ ಹೆಂಡತಿ ಗಿರಿಜಾ.

ಸುಮಂಗಲಾಳ ತಾಯಿ ಮಗಳಿಗೆಂದು ತಮ್ಮ ಹಳೆಯ ಸೀರೆಗಳನ್ನು ಕೊಟ್ಟಿದ್ದರು. ಗಿರಿಜಾ ಅವನ್ನು ಒಂದರ ಮೇಲೊಂದು ಹಾಸಿ, ಉದ್ದಕ್ಕೂ ಸೂಜಿ ದಾರದ ಟಾಕು ಹಾಕಿ ಕೌದಿ ಹೊಲಿದಳು. ಕೊನೆಯ ಮೂಲೆ ಮುಚ್ಚುವ ಮೊದಲು ಒಂದು ಚಿಟಿಕೆ ಅಕ್ಕಿ ಒಳಗೆ ಹಾಕಿದಳು. ಇದನ್ನು ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಬರಿಹೊಟ್ಟೆಯ ಕೌದಿಯನ್ನು ಯಾರಿಗೂ ಕೊಡಬಾರದು ಎಂಬುದು ಅವಳ ನಂಬಿಕೆ.

ವಿಮಾನದಲ್ಲಿ

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಸಾಲಿಗೆ ನಿಂತಾಗ ನನ್ನ ಕೈಚೀಲದಲ್ಲಿ ಎರಡು ದೊಡ್ಡ ನೀರಿನ ಬಾಟಲಿಗಳಿದ್ದವು. ನೀರು ಒಳಗೆ ಒಯ್ಯುವಂತಿಲ್ಲ ಎಂದ ಕಾವಲಿನವನು. ಕಾಯಿಲೆಯ ಬಗ್ಗೆ ಡಾಕ್ಟರು ಬರೆದುಕೊಟ್ಟ ಚೀಟಿ ಇತ್ತು. ಎಲ್ಲಿತ್ತೆಂದರೆ, ಆಗಲೇ ವಿಮಾನದ ಹೊಟ್ಟೆ ಸೇರಿದ ದೊಡ್ಡ ಪೆಟ್ಟಿಗೆಯಲ್ಲಿ. ಜೋಪಾನವಾಗಿರಲಿ ಎಂದು ನಾನೇ ಕೌದಿಯ ಮಡಿಕೆಯಲ್ಲಿ ಇಟ್ಟಿದ್ದೆ.

ನೀರು ಚೆಲ್ಲುವುದು ನಮ್ಮ ಕಡೆಯವರ ಕೈಯಲ್ಲಿ ಆಗುವ ಕೆಲಸವಲ್ಲ. ವಾರಕ್ಕೊಮ್ಮೆ ನಲ್ಲಿ ನೀರು ಕಂಡ ಕೈ ಇದು. ಅಲ್ಲೇ ನಿಂತು ಎರಡೂ ಬಾಟಲಿಗಳನ್ನು ಗಟಗಟ ಕುಡಿದು, ಖಾಲಿ ಬಾಟಲಿಗಳನ್ನು ಅವನ ಮುಂದೆ ಹಿಡಿದೆ. ನನ್ನ ಹಿಂದೆ ನಿಂತವರು ಕತ್ತು ಚಾಚಿ ನೋಡಿದರು. ಕಾವಲಿನವನು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಒಳಗೆ ಕುಡಿಯುವ ನೀರು ಎಲ್ಲಿ ಸಿಗುತ್ತದೆಂದು ಬೆರಳು ಮಾಡಿ ತೋರಿಸಿದ. ನನಗೆ ಆ ಕ್ಷಣಕ್ಕೆ ಬೇಕಾಗಿದ್ದದ್ದು ಅದರ ಪಕ್ಕದ ಕೋಣೆ.

ವಿಮಾನದಲ್ಲಿ ನೀರನ್ನು ತೀರ್ಥದ ಹಾಗೆ ಕೊಡುತ್ತಾರೆ. ಬೆರಳುದ್ದದ ಲೋಟ, ಅದೂ ಮುಕ್ಕಾಲು. ಗಗನಸಖಿ ಒಂದು ಸಾಲು ದಾಟುವಷ್ಟರಲ್ಲಿ ನಾನು ಮತ್ತೆ ಕೈಯೆತ್ತುತ್ತಿದ್ದೆ. ನನ್ನ ಪಕ್ಕದವನಿಗೆ ನಿದ್ದೆಯೇ ಇಲ್ಲ, ಅವನನ್ನು ದಾಟಿಕೊಂಡು ನಾನು ಓಡಾಡಿದ್ದೇ ಓಡಾಡಿದ್ದು. ಕೊನೆಗೆ ಗಗನಸಖಿ ನನ್ನನ್ನು ಪಾಯಖಾನೆಯ ಎದುರಿನ ಹಿಂದಿನ ಸಾಲಿಗೆ ಕರೆದೊಯ್ದು ಕೂರಿಸಿ, ಮಡಿಲಲ್ಲಿ ದೊಡ್ಡ ಬಾಟಲಿ ಇಟ್ಟಳು. ಇಡೀ ವಿಮಾನದಲ್ಲಿ ಅದಕ್ಕಿಂತ ಒಳ್ಳೆಯ ಸೀಟು ಇರಲಿಲ್ಲ. ಉಪ್ಪು ತಿಂದರೆ ನನ್ನ ನೀರಡಿಕೆ ಇಮ್ಮಡಿಯಾಗುತ್ತದಾದ್ದರಿಂದ ಅವರ ಊಟ ಬಿಟ್ಟು, ಗಿರಿಜಾ ಕಟ್ಟಿಕೊಟ್ಟ ಸಪ್ಪೆ ಪಲ್ಯ ಮತ್ತು ಕಟಕ್ ರೊಟ್ಟಿ ತಿಂದೆ. ರೊಟ್ಟಿ ಮುರಿಯುವ ಸದ್ದಿಗೆ ಮಲಗಿದ್ದ ನಾಲ್ಕು ಜನ ಎದ್ದರು.

ಮಾರಿಯಾಳ ಮನೆ

ನಿಲ್ದಾಣದ ಹೊರಗೆ ಸುಮಂಗಲಾ ನಿಂತಿದ್ದಳು. ದಪ್ಪ ಕೋಟು, ಕೆಂಪಾದ ಮೂಗು, ಕೈಯಲ್ಲಿ ದೊಡ್ಡ ನೀರಿನ ಬಾಟಲಿ.

"ಕಾಕಾ, ಮೊದಲು ಇದನ್ನ ಕುಡೀರಿ. ಆಮ್ಯಾಲ ಮಾತಾಡೋಣ," ಎಂದಳು. ಹಡಗಲಿಯ ಮಾತು ಕಿವಿಗೆ ಬಿದ್ದೊಡನೆ ನನಗೆ ಊರಿನಲ್ಲೇ ಇಳಿದಂತಾಯಿತು.

ಅವಳು ನನ್ನನ್ನು ಇಳಿಸಿದ್ದು ತನ್ನ ಮನೆಯೊಡತಿ ಮಾರಿಯಾಳ ಮನೆಯಲ್ಲಿ. ಎಪ್ಪತ್ತು ದಾಟಿದ ಹೆಂಗಸು, ಗಂಡನಿಲ್ಲ, ಶಾಲೆಯ ಮಕ್ಕಳಿಗೆ ಈಜು ಕಲಿಸಿ ನಿವೃತ್ತಳಾದವಳು. ಅಲ್ಲಿ ಮಕ್ಕಳಿಗೆ ಈಜು ಬರಲೇಬೇಕಂತೆ. ದೇಶದ ತುಂಬ ಕಾಲುವೆ, ಎಷ್ಟೋ ನೆಲ ಸಮುದ್ರಕ್ಕಿಂತ ಕೆಳಗಿದೆ. ಹಗಲೂ ರಾತ್ರಿ ಪಂಪು ಹಚ್ಚಿ ನೀರು ಹೊರಗೆ ಹಾಕದಿದ್ದರೆ ಮುಳುಗಿಹೋಗುತ್ತಾರೆ. ಇದನ್ನು ಕೇಳಿ ನನಗೆ ನಗು ಬಂತು. ಒಳಗೆ ಬಂದ ನೀರನ್ನು ಹೊರಗೆ ಹಾಕುತ್ತಲೇ ಇರುವ ನನ್ನ ಕಿಡ್ನಿಗೆ ತಕ್ಕ ದೇಶವಿದು.

ಮನೆಯ ಮೆಟ್ಟಿಲುಗಳ ಬಗ್ಗೆ ಹೇಳಲೇಬೇಕು. ಏಣಿಗೆ ಜಮಖಾನೆ ಹೊದಿಸಿದ ಹಾಗಿವೆ. ಉಚ್ಚಂಗಿದುರ್ಗದ ಗುಡ್ಡ ಇದಕ್ಕಿಂತ ಸಲೀಸು. ನನ್ನ ಕೋಣೆ ಮೇಲೆ, ಪಾಯಖಾನೆ ಕೆಳಗೆ. ನನ್ನಂಥವನಿಗೆ ಇದಕ್ಕಿಂತ ದೊಡ್ಡ ವ್ಯಾಯಾಮ ಬೇಕಿಲ್ಲ.

ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ನೀರು, ಆಮೇಲೆ ಮಾತು. ಮಾರಿಯಾ ಮೊದಲು ಕೈ ಕುಲುಕಿದಳು, ಆಮೇಲೆ ಕಾಫಿ ಕೊಟ್ಟಳು. ಡಬ್ಬಿ ತೆರೆದು ಒಂದು ಬಿಸ್ಕತ್ತು ತೆಗೆದುಕೊಳ್ಳಲು ಹೇಳಿ, ನಾನು ತೆಗೆದುಕೊಂಡ ಕೂಡಲೇ ಡಬ್ಬಿ ಮುಚ್ಚಿದಳು. ಇನ್ನೊಂದು ತಗೊಳ್ರಿ ಎಂಬ ಮಾತಿಗೆ ನಾನು ಕಾದು ಕೂತೆ. ಬರಲಿಲ್ಲ. ನನ್ನ ಹರಕು ಇಂಗ್ಲಿಷಿನಲ್ಲಿ ನೀರು ಕೇಳಿದೆ. ನಲ್ಲಿಯಿಂದ ಒಂದು ಲೋಟ ಹಿಡಿದುಕೊಟ್ಟಳು. ಕುಡಿದು ಲೋಟ ಚಾಚಿದೆ. ಮತ್ತೆ ಹಿಡಿದಳು. ಮತ್ತೆ ಚಾಚಿದೆ. ಆರನೆಯದಕ್ಕೋ ಏಳನೆಯದಕ್ಕೋ ಅವಳು ನಲ್ಲಿ ಬಂದ್ ಮಾಡುವುದನ್ನೇ ಬಿಟ್ಟಳು. ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ, ಹೊಸ್ತಿಲ ಹೊರಗೆ ತುಂಬಿದ ಬಾಟಲಿಗಳ ಸಾಲು. ನಾನಿದ್ದಷ್ಟು ದಿನವೂ ಇಟ್ಟಳು. ಬಿಸ್ಕತ್ತು ಮಾತ್ರ ಒಂದೇ.

ಅವಳ ಪಾಯಖಾನೆಯ ಗೋಡೆಯ ಮೇಲೆ ಒಂದು ಕ್ಯಾಲೆಂಡರು ತೂಗುತ್ತಿತ್ತು. ಅದರಲ್ಲಿ ವಾರಗಳಿಲ್ಲ, ತಾರೀಖುಗಳ ಮುಂದೆ ಹೆಸರುಗಳು ಮಾತ್ರ. ಅವು ನೆಂಟರಿಷ್ಟರ ಹುಟ್ಟಿದ ದಿನಗಳೆಂದೂ, ಇಲ್ಲಿಯ ಮನೆಮನೆಗಳಲ್ಲಿ ಈ ಕ್ಯಾಲೆಂಡರಿನ ಜಾಗ ಇದೇ ಎಂದೂ ಸುಮಂಗಲಾ ಹೇಳಿದಳು. ದಿನಾ ಕಣ್ಣಿಗೆ ಬೀಳುವ ಜಾಗವಾದ್ದರಿಂದ ಯಾರ ಹುಟ್ಟುಹಬ್ಬವೂ ಮರೆಯುವುದಿಲ್ಲ. ನಾನು ಎಷ್ಟು ಸಲ ಅಲ್ಲಿಗೆ ಹೋಗುತ್ತಿದ್ದೆನೆಂದರೆ ಎರಡೇ ದಿನಕ್ಕೆ ಮಾರಿಯಾಳ ಬಳಗವೆಲ್ಲ ನನಗೆ ಬಾಯಿಪಾಠ. ತಿಂಡಿ ತಿನ್ನುವಾಗ, ನಾಳೆ ನಿನ್ನ ತಂಗಿಯ ಮಗನ ಹುಟ್ಟಿದ ದಿನವಲ್ಲವೇ ಎಂದೆ. ಅವಳು ನಿಜವಾಗಿಯೂ ಮರೆತಿದ್ದಳು. ಅವತ್ತಿನಿಂದ ನಾವಿಬ್ಬರೂ ಗೆಳೆಯರಾದೆವು.

ಪ್ರಯೋಗಾಲಯ

ಸಭೆಯ ಹಿಂದಿನ ದಿನ ಸುಮಂಗಲಾ ನನ್ನನ್ನು ತನ್ನ ಪ್ರಯೋಗಾಲಯಕ್ಕೆ ಕರೆದೊಯ್ದಳು. ತಾಯಿಯ ಸೀರೆಗಳ ಕೌದಿಯನ್ನು ಆಗಲೇ ಬೆನ್ನುಚೀಲದಲ್ಲಿ ಹಾಕಿಕೊಂಡಿದ್ದಳು, ಅದನ್ನು ಬಿಟ್ಟಿರಲಾರದವಳ ಹಾಗೆ. ಒಂದು ಮೇಜಿನ ಮೇಲೆ ಅದನ್ನು ಹರವಿ, ಮೂಲೆ ಮೂಲೆ ಮುಟ್ಟಿ ನೋಡಿದಳು. ಬೆರಳಿಗೆ ಅಕ್ಕಿ ಸಿಕ್ಕಿತು.

"ಹೊಟ್ಟಿ ತುಂಬಿಸ್ಯಾರ ಗಿರಿಜಾ ಚಿಗವ್ವ," ಎಂದವಳ ಕಣ್ಣಲ್ಲಿ ನೀರು ತುಂಬಿತು. ಒರೆಸಿಕೊಂಡು ಪಾಠ ಶುರು ಮಾಡಿದಳು.

"ಕಾಕಾ, ಪ್ರೋಟೀನು ಅಂದ್ರ ಮೊದಲಿಗೆ ಒಂದು ಉದ್ದನ ದಾರ ಇದ್ದಂಗ. ಜೀವಕೋಶದಾಗ ಹುಟ್ಟತೈತಿ. ಅದು ಮಡಚಿಕೊಂಡು ಒಂದು ಆಕಾರಕ್ಕ ಬಂದ್ರನ ಕೆಲಸಕ್ಕ ಬರೋದು. ನಿಮಗ ಬೇಕಾದ ಪ್ರೋಟೀನು ಇನ್ನೂ ಕಷ್ಟದ್ದು. ಅದು ಜೀವಕೋಶದ ಪೊರಿಯಾಗ ಕುಂದರಬೇಕು. ಪೊರಿ ಅಂದ್ರ ಜಿಡ್ಡಿನ ಗ್ವಾಡಿ. ಆ ಜಿಡ್ಡಿನಾಗ ಹೊಕ್ಕು ಹೊರಗ, ಹೊಕ್ಕು ಹೊರಗ, ಏಳು ಸಲ ದಾಟಬೇಕು. ಇಲ್ಲಿ ನೋಡ್ರಿ, ಟಾಕು ಹೆಂಗ ಹೋಗೈತಿ, ಹಂಗ."

ಅವಳ ಬೆರಳು ಗಿರಿಜಾಳ ಟಾಕಿನ ಗುಂಟ ಮೇಲೆ ಕೆಳಗೆ ಹೋಯಿತು. ಇಷ್ಟು ವರ್ಷ ನೋಡಿದ ಹೊಲಿಗೆಯನ್ನು ನಾನು ಹೊಸದಾಗಿ ನೋಡಿದೆ.

"ಅದು ಗ್ವಾಡಿಯಾಗ ಕುಂತು ಏನು ಮಾಡತೈತವ್ವ?"

"ಕಾಯತೈತಿ. ಮೈಯಾಗ ನೀರು ಕಡಿಮಿ ಆದ ಕೂಡ್ಲೇ ಮಿದುಳಿನಿಂದ ಒಂದು ಹಾರ್ಮೋನು ಕಿಡ್ನಿಗೆ ಬರತೈತಿ, ನೀರು ಉಳಿಸ್ರಿ ಅಂತ ಹೇಳಾಕ. ಈ ಪ್ರೋಟೀನು ಅದನ್ನ ಹಿಡಕೊಂಡು ಒಳಗ ಸುದ್ದಿ ಮುಟ್ಟಿಸಬೇಕು. ಆಗ ಕಿಡ್ನಿ ನೀರು ವಾಪಸ್ ಎಳಕೊಂತೈತಿ. ನಿಮ್ಮ ಮೈಯಾಗ ಹಾರ್ಮೋನು ಬರತೈತಿ. ಸುದ್ದಿ ತಗೊಳ್ಳೋರು ಇಲ್ಲ."

ಸೀರೆಯವನಿಗೆ ಮಡಿಕೆಯ ಮಾತು ಬಂದರೆ ಸುಮ್ಮನಿರಲಾಗುವುದಿಲ್ಲ. ಬಿಚ್ಚಿದ ಸೀರೆಯನ್ನು ನಾವು ಮಡಚಿದ ಹಾಗೆ ಅಲ್ಲವೇ ಎಂದೆ. ಅವಳು ತಲೆಯಾಡಿಸಿದಳು.

"ಇಲ್ಲ ಕಾಕಾ. ಸೀರಿ ನೀವು ಮಡಚತೀರಿ. ಇದು ತನ್ನಷ್ಟಕ್ಕ ತಾನ ಮಡಚಿಕೊಂತೈತಿ. ಆದ್ರ ಪಕ್ಕಕ್ಕ ನಿಂತು ಕೈ ಹಚ್ಚೋ ಬ್ಯಾರೆ ಪ್ರೋಟೀನು ಅದಾವ. ಬಾಣಂತಿ ಖೋಲಿಯಾಗ ಹಿರೇರು ಇರ್ತಾರಲ್ಲ, ಹಂಗ. ಭಾಳ ಕಟ್ಟುನಿಟ್ಟು ಅವರದು. ಸರಿಯಾಗಿ ಮಡಚಿಕೊಳ್ಳದ್ದನ್ನ ಹೊಸ್ತಿಲ ದಾಟಾಕ ಬಿಡಂಗಿಲ್ಲ. ಒಳಗ ಇಟಗೊಂಡು ಆಮ್ಯಾಲ ಮುರದು ಹಾಕತಾರ. ಆರೋಗ್ಯ ಇದ್ದೋರ ಮೈಯಾಗೂ ಇದು ದಿನಾ ನಡಿಯೋದ. ತಪ್ಪಿದ್ದನ್ನ ಮುರದು ಹೊಸದು ಮಾಡೋದು. ನಿಮ್ಮ ಮನಿತನದಾಗ ದಾರದಾಗಿನ ಒಂದು ಮಣಿ ಬದಲಾಗೈತಿ. ಹಂಗಾಗಿ ಹುಟ್ಟಿದ್ದೆಲ್ಲಾ ತಪ್ಪು ಮಡಚಿಕೊಂತೈತಿ, ಒಂದೂ ಹೊರಗ ಬರಂಗಿಲ್ಲ."

"ಹೊರಗ ಬಂದಿದ್ರ ಕೆಲಸಾ ಮಾಡತಿತ್ತೇನು?"

"ಅದನ್ನ ಕೇಳ್ರಿ ಅಂತ ಕಾಯಕತ್ತಿದ್ದೆ," ಎಂದು ನಕ್ಕು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು.

ಆ ಪ್ರೋಟೀನಿಗೆ ಹಸಿರು ಬೆಳಕು ಬರುವ ಹಾಗೆ ಮಾಡಿದ್ದರು. ಮೊದಲು ತೋರಿಸಿದ್ದು ಆರೋಗ್ಯವಂತರದು. ಒಂದೊಂದು ಜೀವಕೋಶದ ಸುತ್ತಲೂ ಹಸಿರು ಗೆರೆ, ಒಳ್ಳೆಯ ಸೀರೆಯ ಅಂಚು ಮಿಂಚುವ ಹಾಗೆ. ಆಮೇಲೆ ಇನ್ನೊಂದು ತಟ್ಟೆ. ನನ್ನ ರಕ್ತದಲ್ಲಿ ಕಂಡ ಅದೇ ಬದಲಾವಣೆಯನ್ನು ಆ ಜೀವಕೋಶಗಳಲ್ಲಿ ತಂದಿದ್ದರು. ನಮ್ಮ ತಂಬ್ರಹಳ್ಳಿಯ ಅಜ್ಜನದು, ನನ್ನದು, ಕಾಣದ ಅಣ್ಣನದು. ಹಸಿರೆಲ್ಲ ನಡುವೆ ಗುಪ್ಪೆಯಾಗಿ ಬಿದ್ದಿತ್ತು. ಅಂಚು ಕತ್ತಲೆ. ನಾನು ಕಣ್ಣು ತೆಗೆಯದೆ ನೋಡಿದೆ. ಐವತ್ತು ವರ್ಷ ತಮಾಷೆಯಾಗಿ ಹೊತ್ತು ತಿರುಗಿದ್ದು ಇಷ್ಟು ಸಣ್ಣದು, ಹೀಗಿದೆ ಎಂದು ಗೊತ್ತಾದಾಗ ಒಂದು ಥರ ಸಮಾಧಾನವೇ ಆಯಿತು.

"ಇದಕ್ಕ ಈಗ ಒಂದು ಔಷಧಿ ಹಾಕತೀನಿ," ಎಂದಳು ಸುಮಂಗಲಾ. "ಒಳಗ ಹೋಗಿ ಪ್ರೋಟೀನಿನ ಮಗ್ಗುಲಿಗೆ ನಿಂತು ಅದನ್ನ ಹಿಡಕೊಂತೈತಿ. ನೀವು ಹೊರಡೋ ದಿನ ಬಂದು ನೋಡ್ರಿ."

ಸಭೆ ಮತ್ತು ಹೊಳೆದಂಡೆ

ಸಭೆಯಲ್ಲಿ ಬಂದವರೆಲ್ಲ ದುಂಡು ಮೇಜುಗಳ ಸುತ್ತ ಕೂತಿದ್ದರು. ನನ್ನ ಮೇಜಿನಲ್ಲಿ ಇಬ್ಬರು. ಒಬ್ಬಳು ತಾಯಿ. ಅವಳ ಮಗಳ ಪುಪ್ಪುಸದಲ್ಲಿ ಕಫ ಅಂಟಾಗಿ ಕಟ್ಟುತ್ತದೆ. ಕೂಸಿಗೆ ಮುತ್ತು ಕೊಟ್ಟಾಗ ಕೆನ್ನೆ ಉಪ್ಪಾಗಿತ್ತಂತೆ, ಅದರಿಂದಲೇ ಗೊತ್ತಾಯಿತಂತೆ. ಇನ್ನೊಬ್ಬ ರೈಲು ಓಡಿಸುತ್ತಿದ್ದವನು. ಮೊದಲು ಕತ್ತಲಲ್ಲಿ ಕಾಣದಾಯಿತು, ಈಗ ಹಗಲಲ್ಲೂ ಕೊಳವೆಯಲ್ಲಿ ನೋಡಿದ ಹಾಗೆ ನಡುವಿನದಷ್ಟೇ ಕಾಣುತ್ತದೆ. ಪುಪ್ಪುಸ, ಕಣ್ಣು, ಕಿಡ್ನಿ. ಮೂರೂ ಬೇರೆ, ಮೂರಕ್ಕೂ ಕಾರಣ ಪೊರೆಯ ಪ್ರೋಟೀನಿನ ಮಡಿಕೆ ತಪ್ಪಿದ್ದು ಎಂದು ವೇದಿಕೆಯಿಂದ ಹೇಳಿದರು. ಆ ತಾಯಿಯ ಮಗಳ ಕಾಯಿಲೆಗೆ ಮಡಿಕೆ ಸರಿಪಡಿಸುವ ಗುಳಿಗೆ ಈಗಾಗಲೇ ಬಂದಿದೆ. ಆ ಹುಡುಗಿ ಈಗ ಸೈಕಲ್ ತುಳಿದು ಶಾಲೆಗೆ ಹೋಗುತ್ತಾಳೆ ಎಂದು ಹೇಳುವಾಗ ಆ ತಾಯಿ ನನ್ನ ಕೈ ಹಿಡಿದುಕೊಂಡಿದ್ದಳು. ರೈಲಿನವನಿಗೆ ಗುಳಿಗೆ ಇನ್ನೂ ಇಲ್ಲ. ಆದರೂ ಅವನು ನನ್ನ ಲೋಟ ಖಾಲಿಯಾದಾಗಲೆಲ್ಲ ಮೇಜು ತಡವಿ ಜಗ್ಗು ಹುಡುಕಿ ತುಂಬಿಸುತ್ತಿದ್ದ. ಅರ್ಧ ಮೇಜಿನ ಮೇಲೆ ಬೀಳುತ್ತಿತ್ತು. ಅವನೂ ನಕ್ಕ, ನಾನೂ ನಕ್ಕೆ.

ಸಂಜೆಗೆ ಮುಂಚೆ ಸುಮಂಗಲಾ ಹೊಳೆದಂಡೆಗೆ ಕರೆದೊಯ್ದಳು. ಮಾಗಳದ ಹತ್ತಿರ ನಮ್ಮ ತುಂಗಭದ್ರೆ ಮಳೆಗಾಲದಲ್ಲಿ ತುಂಬಿದರೆ ಹೇಗೋ ಹಾಗೆ, ಆದರೆ ವರ್ಷವಿಡೀ ಹೀಗೆಯೇ ಇರುತ್ತದಂತೆ. ಮನೆಯಷ್ಟು ದೊಡ್ಡ ದೋಣಿಗಳು ಸಾಮಾನು ಹೊತ್ತು ಹೋಗುತ್ತಿದ್ದವು. ದಾರಿಯಲ್ಲಿ ಪಾಯಖಾನೆಗೆ ನಾಣ್ಯ ಹಾಕಿದರೆ ಮಾತ್ರ ತೆರೆಯುವ ಬಾಗಿಲಿತ್ತು, ನನ್ನ ಜೇಬಿನಲ್ಲಿ ನಾಣ್ಯವಿರಲಿಲ್ಲ. ಒಳಗಿಂದ ಬಂದ ಮುದುಕನೊಬ್ಬ ನನ್ನ ಮುಖ ನೋಡಿದವನೇ ಬಾಗಿಲು ಹಿಡಿದು ನಿಂತ. ಕೆಲವು ಮುಖಗಳಿಗೆ ಭಾಷೆ ಬೇಕಾಗುವುದಿಲ್ಲ.

ಬೆಂಚಿನ ಮೇಲೆ ಕೂತು, ಬಂದ ಕೆಲಸದ ಮಾತೆತ್ತಿದೆ.

"ಆ ಹುಡುಗಿಗೆ ಗುಳಿಗಿ ಬಂದೈತಿ. ನಮಗ ಯಾವಾಗ, ಸುಮಂಗಲಾ? ಪೂರ್ಣಿಗೆ ಏಳು ತಿಂಗಳಾತು."

ಅವಳು ಬೆಂಚಿನ ಮೇಲೆ ನನ್ನ ಕಡೆ ತಿರುಗಿ ಕೂತಳು. ಆಮೇಲೆ, "ಸುಳ್ಳು ಹೇಳಂಗಿಲ್ಲ ಕಾಕಾ. ಯಾವಾಗ ಅಂತ ನನಗ ಗೊತ್ತಿಲ್ಲ. ಅಷ್ಟರಾಗ ಬರಂಗಿಲ್ಲ ಅಂಬೋದು ಗೊತ್ತೈತಿ," ಎಂದಳು.

ಗಿರಿಜಾಗೆ ಏನು ಹೇಳಲಿ ಎಂದೇ ಯೋಚನೆಯಾಗಿತ್ತು. ಆಮೇಲೆ, ಯಾಕೋ, ಅಣ್ಣನ ವಿಷಯ ಹೇಳಿದೆ. ಜ್ವರ, ಬೇಸಿಗೆ, ತೊಟ್ಟಿಲು. ಅವಳು ಪೂರ್ತಿ ಕೇಳಿದಳು.

"ಜ್ವರ ಬಂದಾಗ ಅದಕ್ಕ ನೀರು ಕೊಟ್ಟಿದ್ರೇನು?"

"ಇಲ್ಲ. ಜ್ವರದ ಕೂಸಿಗೆ ನೀರು ಕೊಟ್ರ ಶೀತ ಆಗತೈತಿ ಅಂತ ನಿಲ್ಲಿಸಿದ್ರಂತ. ಹಾಲೂ ಕಾರಿಕೊಂತಿತ್ತಂತ."

"ಅಣ್ಣನ್ನ ತಗೊಂಡು ಹೋಗಿದ್ದು ಈ ಪ್ರೋಟೀನಲ್ಲ ಕಾಕಾ. ನೀರಿಲ್ಲದ್ದು. ದೊಡ್ಡೋರು ತಂಬಿಗಿ ಎತ್ತಿ ಕುಡೀತಾರ. ಕೂಸು ಅಳತೈತಿ, ಹಾಲಿಗೆ ಅಳತೈತಿ ಅಂತ ತಿಳಕೊಂತಾರ. ಮೈಯಾನ ನೀರೆಲ್ಲಾ ಹೋಗಿ ಉಪ್ಪು ಏರತೈತಿ, ಜ್ವರ ಬರತೈತಿ. ಜ್ವರ ಬಂತಂತ ಇದ್ದ ನೀರೂ ನಿಲ್ಲಿಸ್ತಾರ."

ಅಣ್ಣನ ಮುಖ ನಾನು ನೋಡಿದವನಲ್ಲ. ಆದರೂ ಆ ಬೆಂಚಿನ ಮೇಲೆ, ಎದುರಿಗೆ ಅಷ್ಟು ನೀರು ಹರಿಯುತ್ತಿರುವಾಗ, ಅವನಿಗಾಗಿ ಅತ್ತೆ. ಸುಮಂಗಲಾ ಬಾಟಲಿಯ ಮುಚ್ಚಳ ತೆಗೆದು ಕೈಗೆ ಕೊಟ್ಟಳು.

"ನೀವು ಔಷಧಿ ಕೇಳಾಕ ಬಂದೀರಿ. ಅರ್ಧ ಔಷಧಿ ನಿಮ್ಮ ಕೊಡದಾಗ ಐತಿ," ಎಂದಳು. "ಹುಟ್ಟಿದ ದಿನಾನ ಹೊಕ್ಕುಳಬಳ್ಳಿ ರಕ್ತ ಕಳಸ್ರಿ. ಏನು ಹುಡುಕಬೇಕು ಅಂತ ಈಗ ಗೊತ್ತೈತಿ. ಇದ್ರ, ದಾವಣಗೇರಿ ಡಾಕ್ಟರು ಅಳತಿ ಮಾಡಿ ನೀರು ಕೊಡಾಕ ಹೇಳತಾರ, ಒಂದೆರಡು ಗುಳಿಗಿನೂ ಬರೀತಾರ. ಬ್ಯಾರೆ ಕೂಸಿಗೆ ತಾಯಿ ಹಾಲ ಸಾಕು, ನೀರು ಕೊಡಬಾರದು. ಈ ಕೂಸಿಗೆ ಕೊಡಬೇಕು. ಅದನ್ನ ಬಾಣಂತಿ ಖೋಲಿಯಾಗ ಇರೋರಿಗೆ ತಿಳಿಸಿ ಹೇಳ್ರಿ. ಕಷ್ಟದ ಕೆಲಸ ಅದು."

ಕಷ್ಟವೆಂದು ನನಗೂ ಗೊತ್ತಿತ್ತು. ಅವತ್ತು ಬೆಳಿಗ್ಗೆ ತಾನೇ ಗಿರಿಜಾ ಫೋನಿನಲ್ಲಿ ಹೇಳಿದ್ದಳು, ಪೂರ್ಣಿಯ ಬಾಣಂತನಕ್ಕೆ ಕೂಡ್ಲಿಗಿಯ ದೊಡ್ಡವ್ವ ಬರುತ್ತೇನೆಂದು ಹೇಳಿ ಕಳಿಸಿದ್ದಾಳೆ ಎಂದು. ದೊಡ್ಡವ್ವ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಎಂಬತ್ತು ದಾಟಿದೆ. ನಮ್ಮ ಮನೆತನದ ಅಷ್ಟೂ ಬಾಣಂತನ ಅವಳ ಕೈಯಲ್ಲೇ ಆಗಿದೆ. ಅಣ್ಣ ತೀರಿಕೊಂಡ ಬೇಸಿಗೆಯಲ್ಲಿ ತೊಟ್ಟಿಲ ಪಕ್ಕ ಇದ್ದವಳೂ ಅವಳೇ. ಬಾಣಂತಿಗೆ ಇಷ್ಟೇ ಬಿಸಿನೀರು, ಕೂಸಿಗೆ ನೀರೇ ಇಲ್ಲ. ಅವಳ ಮಾತು ಮೀರಿದವರಿಲ್ಲ.

ಹಸಿರು ಅಂಚು

ಹೊರಡುವ ದಿನ ಬೆಳಿಗ್ಗೆ ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕೂತೆ. ಅದೇ ತಟ್ಟೆ, ನಮ್ಮ ಮನೆತನದ್ದು. ನಡುವಿನ ಗುಪ್ಪೆ ಇನ್ನೂ ಇತ್ತು. ಆದರೆ ಅಂಚಿನಲ್ಲಿ ತೆಳ್ಳಗೆ, ಇದೆಯೋ ಇಲ್ಲವೋ ಎನ್ನುವ ಹಾಗೆ ಹಸಿರು ಗೆರೆ ಮೂಡಿತ್ತು. ನಾನು ಕಣ್ಣೊರೆಸಿಕೊಂಡು ಮತ್ತೆ ನೋಡಿದೆ. ಇತ್ತು.

"ಬಾಗಿಲಾಗಿನೋರು ಬಿಟ್ಟಾರ," ಎಂದೆ.

"ಕೆಲವೊಂದನ್ನ ಬಿಟ್ಟಾರ. ಸಣ್ಣ ಹುಳುಕು ಇದ್ರೂ ಹೊರಗ ಬಂದ ಮ್ಯಾಲ ಅದು ಕೆಲಸ ಮಾಡತೈತಿ ಕಾಕಾ, ಪರೀಕ್ಷೆ ಮಾಡಿ ನೋಡೀನಿ. ಆದ್ರ ಇದು ಗಾಜಿನ ತಟ್ಟಿ. ಮನುಷ್ಯಾರ ತನಕ ಬರಾಕ ಇನ್ನೂ ಭಾಳ ದಾರಿ ಐತಿ. ಎಲ್ಲಾ ಮನಿತನಕ್ಕೂ ಇದು ಹತ್ತಂಗೂ ಇಲ್ಲ."

ದಾರಿ ಇದೆ ಎಂದರೆ ಸಾಕಲ್ಲವೇ. ಅದರ ಫೋಟೋ ತೆಗೆಸಿಕೊಂಡು ಫೋನಿನಲ್ಲಿ ಇಟ್ಟುಕೊಂಡೆ. ಈಗಲೂ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ತೆಗೆದು ನೋಡುತ್ತೇನೆ. ಯಾವ ಊರಿನ ಅಂಚು ಇದು, ಎಲ್ಲಿ ಸಿಗುತ್ತದೆ ಎಂದು ಒಬ್ಬ ಗಿರಾಕಿ ಕೇಳಿದ್ದೂ ಉಂಟು.

ಮಾರಿಯಾ ಬಾಗಿಲವರೆಗೆ ಬಂದಳು. ಮಗಳಿಗೆ ಹೆರಿಗೆಯಾದ ದಿನ ತನಗೆ ತಿಳಿಸಲೇಬೇಕೆಂದಳು. ಆಮೇಲೆ ಬಿಸ್ಕತ್ತಿನ ಡಬ್ಬಿಯನ್ನೇ ನನ್ನ ಕೈಗೆ ಕೊಟ್ಟಳು, ಪೂರ್ತಿ ಡಬ್ಬಿ.

ಮರಳಿ ಕೊಟ್ಟೂರು

ಗಂಡು ಹುಟ್ಟಿತು, ದಾವಣಗೆರೆಯ ಆಸ್ಪತ್ರೆಯಲ್ಲಿ. ಹೊಕ್ಕುಳಬಳ್ಳಿಯ ರಕ್ತ ಹೋಯಿತು, ಉತ್ತರವೂ ಬಂತು. ಇದೆ. ಪೂರ್ಣಿ ಸ್ವಲ್ಪ ಹೊತ್ತು ಅತ್ತಳು. ಆಮೇಲೆ, "ಅಪ್ಪಾ, ನಿನ್ನಂಗ ಆಕ್ಕಾನ ಹೌದಿಲ್ಲ? ನೀನು ಚಲೋ ಅದೀಯಲ್ಲ," ಎಂದಳು. ನನ್ನ ಬಗ್ಗೆ ಯಾರೂ ಅಷ್ಟು ಒಳ್ಳೆಯ ಮಾತು ಆಡಿರಲಿಲ್ಲ.

ಡಾಕ್ಟರು ಹೇಳಿದ ಅಳತೆಯಲ್ಲಿ, ಹೇಳಿದ ಹೊತ್ತಿಗೆ, ಕುದಿಸಿ ಆರಿಸಿದ ನೀರನ್ನು ಚಮಚದಲ್ಲಿ ಕೊಡುವುದು ಶುರುವಾಯಿತು. ನಾನು ದೊಡ್ಡವ್ವನಿಗೆ ಫೋಟೋ ತೋರಿಸಿ, ಮನೆಯ ಕೌದಿಯ ಟಾಕು ತೋರಿಸಿ, ಹಾರ್ಮೋನು, ಪೊರೆ ಎಲ್ಲ ಹೇಳಿದೆ. ಕೇಳಿದಳು. ಗಿರಿಜಾ ಚಮಚ ಹಿಡಿದಾಗ ಮಾತ್ರ ಮುಖ ಗೋಡೆಯ ಕಡೆ ತಿರುಗಿಸಿ ಕೂರುತ್ತಿದ್ದಳು. ಅವಳು ಅಡ್ಡ ಬರಲಿಲ್ಲ, ಅಷ್ಟೇ ಸಾಕು ಎಂದುಕೊಂಡೆವು.

ಬಿಸಿಲು ಏರಿದ ಒಂದು ಮಧ್ಯಾಹ್ನ ಕೂಸಿನ ಮೈ ಬಿಸಿಯಾಯಿತು. ಹಾಲು ಕಾರಿಕೊಂಡಿತು. ತುಟಿ ಒಣಗಿ, ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಡಾಕ್ಟರಿಗೆ ಫೋನ್ ಮಾಡಿದೆ. ಸ್ವಲ್ಪ ಸ್ವಲ್ಪವೇ ನೀರು ಕೊಡುತ್ತ ಕೂಡಲೇ ಹೊರಟು ಬನ್ನಿ ಎಂದರು. ನಾನು ಕಾರಿಗೆ ಹೇಳಲು ಓಡಿದೆ. ಗಿರಿಜಾ ಗಡಿಬಿಡಿಯಲ್ಲಿ ಚಮಚದ ನೀರನ್ನೆಲ್ಲ ಕೂಸಿನ ಕೊರಳಿಗೆ ಚೆಲ್ಲುತ್ತಿದ್ದಳು. ನಾನು ವಾಪಸ್ಸು ಬಂದಾಗ ದೊಡ್ಡವ್ವ ಗೋಡೆಯ ಕಡೆಯಿಂದ ತಿರುಗಿ ಕೈ ಚಾಚಿದ್ದಳು.

"ಕೊಡು ಇಲ್ಲಿ. ನಾನು ಕುಡಸ್ತೀನಿ," ಎಂದಳು.

ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತಲೆ ಸ್ವಲ್ಪ ಎತ್ತಿ, ಕೆನ್ನೆಯ ಒಳಗಡೆಯಿಂದ ಹನಿ ಹನಿಯಾಗಿ ನೀರು ಬಿಟ್ಟಳು. ಒಂದು ಹನಿಯೂ ಹೊರಗೆ ಬೀಳಲಿಲ್ಲ. ಕೂಸು ಗುಟುಕರಿಸಿತು. ದಾವಣಗೆರೆಯವರೆಗೂ ಕಾರಿನಲ್ಲಿ ಹಾಗೆಯೇ ಕುಡಿಸುತ್ತ ಬಂದಳು. ಹರಪನಹಳ್ಳಿ ದಾಟಿದ ಮೇಲೆ ತಲೆ ಎತ್ತದೆಯೇ ಹೇಳಿದಳು.

"ಅವತ್ತೂ ಆ ಕೂಸು ಹಿಂಗ ಬಾಯಿ ಮಾಡತಿತ್ತೋ ಕೊಟ್ರಾ. ನಿಮ್ಮವ್ವ ಒಂದು ಹನಿ ಬಿಡತೀನಕ್ಕ ಅಂದ್ಲು. ನಾನ ಬ್ಯಾಡಂದೆ. ನನಗ ಯಾರೂ ಹೇಳಿದ್ದಿಲ್ಲ."

"ಯಾರಿಗೂ ಗೊತ್ತಿದ್ದಿಲ್ಲ ದೊಡ್ಡವ್ವ," ಎಂದೆ. ಪೂರ್ಣಿ ಅವಳ ಹೆಗಲಿಗೆ ತಲೆ ಆನಿಸಿದಳು.

ಆಸ್ಪತ್ರೆಯಲ್ಲಿ ನೋಡಿ, ಸರಿಯಾದ ಹೊತ್ತಿಗೆ ತಂದಿದ್ದೀರಿ, ದಾರಿಯಲ್ಲಿ ಕೊಟ್ಟ ನೀರೂ ಒಳ್ಳೆಯದಾಯಿತು ಎಂದರು. ಎರಡು ದಿನ ಇಟ್ಟುಕೊಂಡು ಕಳಿಸಿದರು. ಈಗ ಕೂಸಿಗೆ ಕೆನ್ನೆ ಬಂದಿದೆ, ತೊಡೆಯಲ್ಲಿ ಮಡಿಕೆ ಬಂದಿವೆ. ಒಳ್ಳೆಯ ಮಡಿಕೆಗಳು.

ಮೊನ್ನೆ ಮಾರಿಯಾ ಒಂದು ಫೋಟೋ ಕಳಿಸಿದಳು. ನನಗೆ ಬಹಳ ಪರಿಚಯವಿರುವ ಆ ಗೋಡೆ, ಆ ಕ್ಯಾಲೆಂಡರು. ನಮ್ಮ ಕೂಸು ಹುಟ್ಟಿದ ತಾರೀಖಿನ ಮುಂದೆ ಅವಳ ಕೈಯಕ್ಷರದಲ್ಲಿ ಅವನ ಹೆಸರು. ಕೆಳಗೆ ಒಂದು ನೀರಿನ ಹನಿಯ ಚಿತ್ರ. ನಾನು ಸಂಭ್ರಮದಿಂದ ಗಿರಿಜಾಗೆ ತೋರಿಸಿ, ಅದು ಯಾವ ಜಾಗವೆಂದು ಹೇಳಿಬಿಟ್ಟೆ.

"ಮೊಮ್ಮಗನ ಹೆಸರು ಪಾಯಖಾನಿಯಾಗ ಬರದಾರೇನ್ರಿ?" ಎಂದು ಅವಳು ಸೊಂಟಕ್ಕೆ ಕೈ ಇಟ್ಟು ನಿಂತಳು.

"ನಮ್ಮ ಮನಿತನದೋರಿಗೆ ಅದಕ್ಕಿಂತ ಒಳ್ಳೆ ಜಾಗ ಯಾವುದೈತಿ," ಎಂದೆ.

ಅವಳ ಗೊಣಗಾಟ ಮುಗಿಯುವ ಮೊದಲೇ ತೊಟ್ಟಿಲಲ್ಲಿ ಕೂಸು ಅತ್ತಿತು. ಹಾಲಿಗೆ ಎಂದುಕೊಂಡು ಪೂರ್ಣಿ ಏಳಲು ಹೋದಳು. ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ದೊಡ್ಡವ್ವ ಮೊಣಕಾಲಿನ ಮೇಲೆ ಕೈಯೂರಿ ಎದ್ದಾಗಿತ್ತು.

"ನೀ ಕುಂದ್ರವ್ವ," ಎಂದಳು. "ಇದು ಹಾಲಿನ ಅಳುವಲ್ಲ, ನೀರಿಂದು. ಚಮಚ ಎಲ್ಲಿ ಐತಿ?"